ಕೈತುಂಬ ಕೆಲಸವಿದ್ದರೂ ಮನಸ್ಸಿನ ಗಾಯ ಮಾಯುತ್ತಿಲ್ಲವೇಕೆ?

ಪ್ರಶ್ನೆ: ನನಗೆ 34 ವರ್ಷ, ಸಾಗರ ತಾಲ್ಲೂಕಿನ ಹಳ್ಳಿಯವಳು. ಹನ್ನೊಂದು ವರ್ಷ ಸಂಸಾರ ಮಾಡಿ, ಕಳೆದ ದೀಪಾವಳಿಗೆ ಮುಂಚೆ ಮಗಳನ್ನು ಕರೆದುಕೊಂಡು ತವರಿಗೆ ಬಂದುಬಿಟ್ಟೆ. ಅಲ್ಲಿ ಹೊಡೆತವೂ ಇತ್ತು; ಅದಕ್ಕಿಂತ ಹೆಚ್ಚಾಗಿ ದಿನವಿಡೀ ಚುಚ್ಚುಮಾತು, ಐದು ರೂಪಾಯಿಗೂ ಲೆಕ್ಕ, ಯಾರಿಗೆ ಫೋನ್ ಮಾಡಿದೆ ಎಂಬ ವಿಚಾರಣೆ ಇತ್ತು. ತವರಿಗೆ ಬಂದ ಮಾರನೆಯ ದಿನದಿಂದ ನಾನು ಕೈಕಟ್ಟಿ ಕೂತಿಲ್ಲ. ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದೆ, ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡಿದೆ, ಮಿಡಿ ಉಪ್ಪಿನಕಾಯಿ ಹಾಕಿದೆ, ನಡುನಡುವೆ ಊರವರ ರವಿಕೆ ಹೊಲಿದುಕೊಟ್ಟೆ. ‘ಕೆಲಸದಲ್ಲಿ ಮನಸ್ಸು ಹಾಕು, ಎಲ್ಲ ಮರೆತುಹೋಗುತ್ತದೆ’ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಈಗ ಮಳೆ ಹಿಡಿದು ಹೊರಗಿನ ಕೆಲಸ ನಿಂತಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಎದೆ ಡವಡವ ಎನ್ನುತ್ತದೆ. ರಸ್ತೆಯಲ್ಲಿ ಬೈಕೊಂದು ನಿಧಾನವಾದರೂ ಕೈಯಲ್ಲಿದ್ದ ಪಾತ್ರೆ ಜಾರುತ್ತದೆ. ನಮ್ಮದು ದೀವರ ಮನೆ. ಗೋಡೆಗೆ ಬರೆಯುವ ನಮ್ಮವರ ಹಸೆ ಚಿತ್ತಾರವನ್ನು ಅಜ್ಜಿಯಿಂದ ಕಲಿತಿದ್ದೆ. ಹೇಗೂ ಬಿಡುವಿದೆಯಲ್ಲ ಎಂದು ಮೊನ್ನೆ ಪುಂಡಿ ನಾರಿನ ಕುಂಚ ಹಿಡಿದು ಕೂತರೆ ಕೈ ನಡುಗಿ ಒಂದು ಗೆರೆಯೂ ಬರಲಿಲ್ಲ. ‘ಗೋಡೆ ಹಾಳುಮಾಡುವ ಕೆಲಸ’ ಎಂದು ಅವರು ಒಮ್ಮೆ ನೀರೆರಚಿ ಅಳಿಸಿದ್ದೇ ಕಣ್ಣಿಗೆ ಬಂತು. ಅಣ್ಣ ಈಗ, ‘ಗೆಲುವಾಗಿದ್ದೀಯಲ್ಲ, ಒಂದು ಸಲ ಅವರ ಕಡೆಯವರನ್ನು ಕರೆಸಿ ಕೂತು ಮಾತಾಡೋಣ’ ಎನ್ನುತ್ತಿದ್ದಾನೆ. ನಾನು ನಿಜವಾಗಿ ಗುಣವಾಗುತ್ತಿದ್ದೇನೆಯೇ, ಇಲ್ಲ ಬರೀ ಓಡುತ್ತಿದ್ದೇನೆಯೇ? ನನಗೆ ತಲೆ ಕೆಡುತ್ತಿದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಪತ್ರದುದ್ದಕ್ಕೂ ನಿಮ್ಮನ್ನು ಹೆಚ್ಚು ಹೆದರಿಸಿರುವುದು ಅದೇ ಎಂದು ನನಗೆ ಅನ್ನಿಸಿತು. ನಿಮಗೆ ತಲೆ ಕೆಡುತ್ತಿಲ್ಲ. ಹನ್ನೊಂದು ವರ್ಷ ಬೆದರಿಕೆಯ ನಡುವೆ ಬದುಕಿದ ದೇಹವು ಬೆದರಿಕೆಯಿಲ್ಲದ ಮನೆಗೆ ಬಂದ ಮೇಲೂ ಹಳೆಯ ಎಚ್ಚರದಲ್ಲಿಯೇ ಉಳಿದುಕೊಂಡಿದೆ. ಎದೆಬಡಿತ, ನಡುರಾತ್ರಿಯ ಎಚ್ಚರ, ಬೈಕಿನ ಸದ್ದಿಗೆ ಬೆಚ್ಚುವುದು ಇವೆಲ್ಲವೂ ಆಘಾತಕ್ಕೆ ಸಿಕ್ಕಿದ ಯಾವ ದೇಹದಲ್ಲಾದರೂ ಕಾಣಿಸಿಕೊಳ್ಳಬಹುದಾದ ಲಕ್ಷಣಗಳು, ಮತ್ತು ಇವುಗಳಿಗೆ ಚಿಕಿತ್ಸೆ ಇದೆ. ಗುಣವಾಗುತ್ತಿದ್ದೇನೆಯೇ ಓಡುತ್ತಿದ್ದೇನೆಯೇ ಎಂಬುದಕ್ಕೆ ಮಾತ್ರ ಒಂದೇ ಮಾತಿನ ಉತ್ತರವಿಲ್ಲ. ನಿಮ್ಮ ವಿಷಯದಲ್ಲಿ ಬಹುಶಃ ಎರಡೂ ನಡೆಯುತ್ತಿದೆ. ಯಾವ ಕೆಲಸ ನಿಮ್ಮನ್ನು ಗುಣಪಡಿಸುತ್ತಿದೆ, ಯಾವುದು ಓಡಿಸುತ್ತಿದೆ ಎಂದು ಬೇರ್ಪಡಿಸಿ ನೋಡುವುದೇ ಈಗ ಮಾಡಬೇಕಾದದ್ದು.

‘ಕೆಲಸದಲ್ಲಿ ಮುಳುಗಿದರೆ ಮರೆತುಹೋಗುತ್ತದೆ’ ಎಂಬ ಮಾತನ್ನು ನಾನು ಶಿವಮೊಗ್ಗದಲ್ಲಿ ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಮಾಡುವ ಇಷ್ಟು ವರ್ಷಗಳಲ್ಲಿ ಕೇಳದ ವಾರವಿಲ್ಲ. ಹೇಳುವವರು ಕೆಟ್ಟವರಲ್ಲ, ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಮನಸ್ಸು ಕುಗ್ಗಿದಾಗ ‘ಹುರುಪು ಬಂದ ಮೇಲೆ ಏಳುತ್ತೇನೆ’ ಎಂದು ಕಾದರೆ ಹುರುಪು ಬರುವುದಿಲ್ಲ. ಎದ್ದು ಸಣ್ಣದೊಂದು ಕೆಲಸ ಮಾಡಿದ ಮೇಲೆ ಹುರುಪು ಅದರ ಹಿಂದೆ ಬರುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ ದಿನಚರಿಗೆ ಕೆಲಸಗಳನ್ನು ಹೊಂದಿಸಿಕೊಡುವ ಒಂದು ಪದ್ಧತಿಯೇ ಇದೆ, ಅದರಿಂದ ಪ್ರಯೋಜನವಾಗುತ್ತದೆ ಎಂಬುದು ಅಧ್ಯಯನಗಳಿಂದಲೂ ಖಚಿತವಾಗಿದೆ. ತವರಿಗೆ ಬಂದ ಮೊದಲ ತಿಂಗಳುಗಳಲ್ಲಿ ನೀವು ಹಾಸಿಗೆ ಹಿಡಿಯದೆ ಉಳಿದದ್ದು ಆ ಅಡಿಕೆ ಸುಲಿತದಿಂದ ಎಂದರೆ ನಾನು ಒಪ್ಪುತ್ತೇನೆ. ತಪ್ಪಿರುವುದು ‘ಮರೆತುಹೋಗುತ್ತದೆ’ ಎಂಬ ಭಾಗದಲ್ಲಿ. ಹೆದರಿಕೆಯ ನೆನಪು ಮದುವೆ ಮನೆಯ ಊಟದ ನೆನಪಿನಂತೆ ದಿನ ಕಳೆದಂತೆ ಮಸುಕಾಗುವ ಜಾತಿಯದಲ್ಲ. ಅದು ಮಾತಿನ ರೂಪದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಸದ್ದು, ವಾಸನೆ, ಹೆಜ್ಜೆಯ ಲಯ, ಹೊಟ್ಟೆಯ ತೊಳಸು ಇವುಗಳ ರೂಪದಲ್ಲಿ ಕೂತಿರುತ್ತದೆ. ಅದರ ಮೇಲೆ ಕೆಲಸ ಹೇರಿದರೆ ಅದು ಬೂದಿ ಮುಚ್ಚಿದ ಕೆಂಡದಂತೆ ಇದ್ದೇ ಇರುತ್ತದೆ, ಕೈ ನಿಂತ ಹೊತ್ತಿನಲ್ಲಿ ತಲೆಯೆತ್ತುತ್ತದೆ.

ಮಿದುಳಿನ ಒಳಭಾಗದಲ್ಲಿ ಬಾದಾಮಿಯಾಕಾರದ ಅಮಿಗ್ಡಾಲ ಎಂಬ ಭಾಗವೊಂದಿದೆ. ಅಪಾಯದ ಸುಳಿವು ಸಿಕ್ಕ ಕೂಡಲೇ, ನೀವು ಯೋಚಿಸುವ ಮೊದಲೇ, ಎದೆಬಡಿತ ಏರಿಸಿ ಸ್ನಾಯುಗಳನ್ನು ಬಿಗಿಗೊಳಿಸುವ ವ್ಯವಸ್ಥೆಗೆ ಚಾಲನೆ ಕೊಡುವುದರಲ್ಲಿ ಅದರ ಪಾತ್ರ ದೊಡ್ಡದು. ವರ್ಷಗಟ್ಟಲೆ ಸಂಜೆಯಾದರೆ ಬೈಕಿನ ಸದ್ದು, ಬೈಕಿನ ಹಿಂದೆ ಬೈಗುಳ ಎಂಬ ಕ್ರಮ ನಡೆದಿದ್ದರೆ, ನಿಧಾನವಾಗುವ ಬೈಕು ಪೋಸ್ಟ್‌ಮನ್‌ನದ್ದೋ ಹಾಲು ಹಾಕುವ ಹುಡುಗನದ್ದೋ ಎಂದು ವಿಚಾರಿಸುವ ವ್ಯವಧಾನ ಅದಕ್ಕಿರುವುದಿಲ್ಲ. ಹಗಲು ಕೈ, ಕಣ್ಣು, ಕಿವಿ ಮೂರಕ್ಕೂ ಕೆಲಸವಿರುವುದರಿಂದ ಈ ಕಾವಲು ಅಷ್ಟಾಗಿ ತಿಳಿಯುವುದಿಲ್ಲ, ರಾತ್ರಿ ತಿಳಿಯುತ್ತದೆ. ಮಳೆಗಾಲದಲ್ಲಿ ಹೆಚ್ಚಾಗುವುದಕ್ಕೆ ಇನ್ನೊಂದು ಕಾರಣವನ್ನು ನನ್ನಲ್ಲಿಗೆ ಬರುವ ಮಲೆನಾಡಿನ ಹೆಂಗಸರೇ ನನಗೆ ಕಲಿಸಿಕೊಟ್ಟರು. ಹೆಂಚಿನ ಮೇಲೆ ಮಳೆ ಹೊಯ್ಯುತ್ತಿರುವಾಗ ಅಂಗಳದಲ್ಲಿ ಯಾರು ಬಂದರೂ ಕೇಳಿಸುವುದಿಲ್ಲ. ಹೆಜ್ಜೆಯ ಸದ್ದು ಹಿಡಿಯಲು ಪಳಗಿದ ಕಿವಿ, ಸದ್ದು ಸಿಗದಿದ್ದಾಗ ಸುಮ್ಮನಾಗುವ ಬದಲು ಇನ್ನಷ್ಟು ಕಷ್ಟಪಟ್ಟು ಆಲಿಸುತ್ತದೆ, ನಿದ್ದೆ ತೆಳುವಾಗುತ್ತದೆ. ಅದರ ಮೇಲೆ ಕರೆಂಟಿಲ್ಲದ ರಾತ್ರಿಗಳು ಬೇರೆ. ಆದ್ದರಿಂದ ಆಷಾಢದಲ್ಲಿ ನೀವು ‘ಹಿಂದಕ್ಕೆ ಹೋದೆ’ ಎಂದು ತಿಳಿಯಬೇಕಾಗಿಲ್ಲ.

ಈಗ ನಿಮ್ಮ ದುಡಿಮೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಿಂಸೆಯ ಮನೆಯಲ್ಲಿ ಕೆಲಸವೆಂಬುದು ಬರೀ ಕೆಲಸವಾಗಿರುವುದಿಲ್ಲ, ಅದು ಗುರಾಣಿಯೂ ಆಗಿರುತ್ತದೆ. ಕೈಯಲ್ಲಿ ಕೆಲಸವಿದ್ದರೆ ಕಣ್ಣಿಗೆ ಬೀಳುವುದು ಕಡಿಮೆ, ಕೂತದ್ದು ಕಂಡರೆ ಮಾತು ಶುರು, ಅರ್ಧಕ್ಕೆ ಬಿಟ್ಟದ್ದು ಕಂಡರೆ ಅದಕ್ಕಿಂತ ದೊಡ್ಡ ಮಾತು. ಹೀಗೆ ಕಲಿತ ಹೆಂಗಸು ತವರಿಗೆ ಬಂದ ಮೇಲೆ, ‘ಕೂತುಕೋ ಮಗಾ’ ಎಂದು ತಾಯಿ ಹೇಳಿದರೂ ಕೂರಲಾರಳು. ನೋಡುವವರಿಗೆ ಅದು ಚಟುವಟಿಕೆಯಂತೆ, ಗೆಲುವಿನಂತೆ ಕಾಣುತ್ತದೆ. ನಿಮ್ಮ ಅಣ್ಣನಿಗೆ ಕಂಡಿರುವುದೂ ಅದೇ. ಒಳಗೆ ನೋಡಿದರೆ ಆ ಮನೆಯ ಕಟ್ಟಳೆಯೇ ಈ ಮನೆಯಲ್ಲೂ ಜಾರಿಯಲ್ಲಿರುತ್ತದೆ, ಕಟ್ಟಳೆ ಮಾಡಿದವರು ಮಾತ್ರ ಇಲ್ಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬರುತ್ತಿದ್ದ ಒಬ್ಬರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ನನ್ನೆದುರು ಕುರ್ಚಿಯಲ್ಲಿ ಕೂತಾಗಲೂ ಕ್ರೋಶಾ ಕಡ್ಡಿಯನ್ನು ಕೆಳಗಿಡುತ್ತಿರಲಿಲ್ಲ. ಬಾಗಿಲಿಗೆ ತೋರಣ, ಟಿವಿಗೆ ಹೊದಿಕೆ, ನೀರಿನ ಹೂಜಿಗೆ ಮುಚ್ಚಳ, ಹೀಗೆ ಆ ವರ್ಷ ಅವರು ಹೆಣೆದದ್ದನ್ನು ಇಡಲು ಮನೆಯಲ್ಲಿ ಜಾಗವಿರಲಿಲ್ಲ. ಒಂದು ದಿನ, ಸಾಲು ಇನ್ನೂ ನಡುವಿನಲ್ಲಿರುವಾಗ, ‘ಇದನ್ನು ಇಷ್ಟಕ್ಕೇ ನಿಲ್ಲಿಸಿ ಚೀಲದೊಳಗೆ ಹಾಕಿ ನೋಡೋಣ’ ಎಂದೆ. ಬೆರಳು ನಿಂತಿತು. ನೂಲನ್ನು ತೋರುಬೆರಳಿಗೆ ಮೂರು ಸುತ್ತು ಬಿಗಿಯಾಗಿ ಸುತ್ತಿಕೊಂಡರು, ಬೆರಳ ತುದಿ ಬಿಳಿಚಿಕೊಂಡಿತು. ಸ್ವಲ್ಪ ಹೊತ್ತಾದ ಮೇಲೆ, ‘ಮುಗಿಸದೆ ಎದ್ದರೆ ನೂಲೆಲ್ಲ ಒಲೆಗೆ ಹಾಕುತ್ತಿದ್ದರು’ ಎಂದರು. ಆರು ತಿಂಗಳಿನಿಂದ ನಾವು ಮಾತಾಡುತ್ತಿದ್ದೆವು, ಆ ಮಾತು ಬಂದದ್ದು ಅಂದು. ಹಿಂಸೆಯಿಂದ ಹೊರಬಂದವರಿಗೆ ಕೆಲಸವನ್ನು ಮುಗಿಸುವ ಶಕ್ತಿಗಿಂತ ಅರ್ಧಕ್ಕೆ ಬಿಡುವ ಹಕ್ಕು ಮೊದಲು ಬೇಕು ಎಂದು ನಾನು ನಂಬತೊಡಗಿದ್ದು ಆ ದಿನದ ನಂತರವೇ.

ನೀವೂ ಇದನ್ನು ಪರೀಕ್ಷಿಸಬಹುದು. ಕೂಲಿಯ ಕೆಲಸದಲ್ಲಿ ಬೇಡ, ಮನೆಯ ಕೆಲಸದಲ್ಲಿ. ರವಿಕೆಯ ಅಂಚು ಮಡಿಚಿ ಹೊಲಿಯುತ್ತಿರುವಾಗ ಗೇಣುದ್ದ ಉಳಿದಿರುವಂತೆಯೇ ಎದ್ದುಬಿಡಿ, ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಬಚ್ಚಲೊಲೆಯ ಮುಂದೆ ಹತ್ತು ನಿಮಿಷ ಕೂರಿ. ಕಾಫಿ ಕುಡಿಯಿರಿ, ಬೇರೇನೂ ಮಾಡಬೇಡಿ. ಮೊದಲ ಎರಡು ಮೂರು ನಿಮಿಷದಲ್ಲಿ ಎದೆ ಬಿಗಿಯುತ್ತದೆ, ‘ಎದ್ದು ಮುಗಿಸು’ ಎಂದು ಒಳಗೆ ಯಾರೋ ಗದರುತ್ತಾರೆ. ಆ ದನಿ ಯಾರದು ಎಂದು ನೀವೇ ಗುರುತು ಹಿಡಿಯುತ್ತೀರಿ. ಆತಂಕಕ್ಕೆ ಒಂದು ಸ್ವಭಾವವಿದೆ: ತಪ್ಪಿಸಿಕೊಳ್ಳಲು ಎದ್ದರೆ ಅದು ಮಾರನೆಯ ದಿನ ಅಷ್ಟೇ ದೊಡ್ಡದಾಗಿ ಬರುತ್ತದೆ, ಕೂತು ಕಾದರೆ ಏರಿ, ತುದಿ ಮುಟ್ಟಿ, ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಎರಡು ವಾರ ಹೀಗೆ ಮಾಡಿದ ಮೇಲೆ ಕೂರುವುದು ಹಗುರವಾದರೆ ನಿಮ್ಮ ಕೆಲಸದಲ್ಲಿ ಗುಣದ ಅಂಶ ಹೆಚ್ಚಿದೆ ಎಂದು ತಿಳಿಯಬಹುದು. ಹಾಗಾಗದೆ, ಕೂತಾಗಲೆಲ್ಲ ಹಳೆಯ ಘಟನೆ ಈಗಲೇ ನಡೆಯುತ್ತಿದೆ ಎನ್ನುವಷ್ಟು ಗಾಢವಾಗಿ ಬಂದರೆ, ಅಥವಾ ಎಲ್ಲಿದ್ದೇನೆ ಎಂಬ ಅರಿವೇ ತಪ್ಪಿದರೆ, ಒಬ್ಬರೇ ಮುಂದುವರಿಸಬೇಡಿ. ಅದು ಚಿಕಿತ್ಸಕರ ಎದುರು ಮಾಡಬೇಕಾದ ಕೆಲಸ.

ಅಡಿಕೆ ಸುಲಿಯುವಾಗ ನಡುಗದ ಕೈ ಚಿತ್ತಾರಕ್ಕೆ ಏಕೆ ನಡುಗಿತು ಎಂಬುದೂ ಇದಕ್ಕೇ ಸೇರಿದ್ದು. ಮೆಟ್ಟುಗತ್ತಿಯ ಮುಂದೆ ಕೂತವರನ್ನು ಯಾರೂ ‘ನಿನ್ನ ಮನಸ್ಸಿನಲ್ಲಿರುವುದನ್ನು ತೋರಿಸು’ ಎಂದು ಕೇಳುವುದಿಲ್ಲ. ಕಾಯಿ ಬರುತ್ತದೆ, ಸಿಪ್ಪೆ ಹೋಗುತ್ತದೆ, ಡಬ್ಬ ತುಂಬುತ್ತದೆ. ಚಿತ್ತಾರದಲ್ಲಿ ಎಲ್ಲಿಂದ ಶುರು ಮಾಡಬೇಕೆಂದು ನೀವೇ ಗೊತ್ತುಮಾಡಬೇಕು, ಕೆಮ್ಮಣ್ಣಿನ ಮೇಲೆ ಎಳೆದ ಅಕ್ಕಿಹಿಟ್ಟಿನ ಗೆರೆ ನಿಮ್ಮದೆಂದು ಎಲ್ಲರಿಗೂ ಕಾಣುತ್ತದೆ. ಆಯ್ಕೆ ಮಾಡುವುದು ಮತ್ತು ಕಣ್ಣಿಗೆ ಬೀಳುವುದು, ಇವೆರಡಕ್ಕೇ ಆ ಮನೆಯಲ್ಲಿ ಶಿಕ್ಷೆಯಿತ್ತು. ನೀರೆರಚಿ ಅಳಿಸಿದ ದಿನ ಅಳಿದದ್ದು ಗೋಡೆಯ ಚಿತ್ರವೊಂದೇ ಆಗಿರಲಿಲ್ಲ ಎಂಬುದನ್ನು ನಿಮ್ಮ ಕೈ ನೆನಪಿಟ್ಟುಕೊಂಡಿದೆ. ‘ಕಲೆ ಮನಸ್ಸಿಗೆ ಔಷಧಿ’ ಎಂದು ಈಗ ಎಲ್ಲೆಡೆ ಹೇಳುವ ಮಾತನ್ನು ನಾನು ಸ್ವಲ್ಪ ತಡೆದು ಹೇಳಬಯಸುತ್ತೇನೆ. ಔಷಧಿಯಾಗಬಹುದು, ಆದರೆ ಅಪಮಾನ ನಡೆದದ್ದೇ ಆ ಕಲೆಯ ಮೇಲಾಗಿದ್ದರೆ, ಮೊದಲ ದಿನವೇ ಅದನ್ನು ಪೂರ್ಣ ಪ್ರಮಾಣದಲ್ಲಿ ತೆಗೆದುಕೊಳ್ಳುವುದು ಮೂಳೆ ಕೂಡುವ ಮೊದಲೇ ಹೊರೆ ಹೊತ್ತಂತೆ.

ಹಸೆ ಚಿತ್ತಾರ ತಪ್ಪನ್ನು ಸುಲಭವಾಗಿ ಕ್ಷಮಿಸುವ ಕಲೆಯೂ ಅಲ್ಲ. ನೇರ ಗೆರೆ, ಸಮಪಾಲಿನ ಚೌಕ, ಒಂದು ಎಳೆ ವಾಲಿದರೆ ಇಡೀ ಮಂಟಪ ವಾಲಿದಂತೆ ಕಾಣುತ್ತದೆ. ಆದ್ದರಿಂದ ನೇರವಾಗಿ ಗೋಡೆಗೆ, ಹಲಗೆಗೆ ಹೋಗಬೇಡಿ. ನಿಮ್ಮ ಕಡೆಯ ಮನೆಗಳಲ್ಲಿ ಆಶ್ವಯುಜದ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುತ್ತಾರಲ್ಲ, ಆ ಬಿದಿರ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿಯುವ ಕೆಲಸದಿಂದ ಆರಂಭಿಸಬಹುದು. ಬಳಿಯುವುದರಲ್ಲಿ ಸೊಟ್ಟ ನೇರ ಎಂಬುದಿಲ್ಲ, ಅಂಗೈಗೆ ಮಣ್ಣಿನ ತಣ್ಣನೆಯ ಸ್ಪರ್ಶ ಸಿಗುತ್ತದೆ, ಒಣಗುವವರೆಗೆ ಕಾಯಬೇಕಾಗುತ್ತದೆ, ಮಳೆಗಾಲದಲ್ಲಂತೂ ದಿನಗಟ್ಟಲೆ. ಆ ಕಾಯುವಿಕೆಯೂ ನಿಮಗೆ ಬೇಕಾದದ್ದೇ. ಆಮೇಲೆ ಅಂಗಳದ ಮೂಲೆಯಲ್ಲೋ ಹಳೆಯ ದಿನಪತ್ರಿಕೆಯ ಮೇಲೋ, ಬೇಕೆಂದೇ ಸೊಟ್ಟ ಗೆರೆ ಎಳೆಯಿರಿ. ಹತ್ತು ಗೆರೆ, ಹತ್ತೂ ಸೊಟ್ಟ. ನಂತರ ನೀವೇ ನೀರು ಹಾಕಿ ಅಳಿಸಿರಿ. ಇದು ಮಕ್ಕಳಾಟದಂತೆ ತೋರಬಹುದು, ಆದರೆ ಅಳಿಸುವ ಅಧಿಕಾರ ಇನ್ನೊಬ್ಬರ ಕೈಯಿಂದ ನಿಮ್ಮ ಕೈಗೆ ಬರುವುದನ್ನು ದೇಹ ಗುರುತಿಸುತ್ತದೆ. ಗುರಿಗೆ ಕಾಯಿಯ ಹಳದಿಗೆ, ಸುಟ್ಟಕ್ಕಿಯ ಕಪ್ಪಿಗೆ ಈಗಲೇ ಹೋಗಬೇಕಾಗಿಲ್ಲ. ಈ ವರ್ಷದ ಹುಣ್ಣಿಮೆಗೆ ಬುಟ್ಟಿ ಸಿದ್ಧವಾಗಲೇಬೇಕೆಂದು ಅತ್ತಿಗೆಯೋ ನೆರೆಯವರೋ ಉತ್ಸಾಹದಿಂದ ಹೇಳಿದರೆ, ಆ ಗಡುವನ್ನು ಒಪ್ಪಿಕೊಳ್ಳಬೇಡಿ.

ಕೈಕೆಲಸ ಒಗ್ಗದ ದಿನ ಬರೆಯಬಹುದೇ ಎಂದು ಅನೇಕರು ಕೇಳುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್, ಕಹಿ ಅನುಭವವನ್ನು ದಿನಕ್ಕೆ ಹದಿನೈದಿಪ್ಪತ್ತು ನಿಮಿಷದಂತೆ ಮೂರು ನಾಲ್ಕು ದಿನ ಬರೆಯಿಸಿ ಅದರ ಪರಿಣಾಮವನ್ನು ಅಧ್ಯಯನ ಮಾಡಲು ತೊಡಗಿದರು. ಬರೆದ ದಿನ ಮನಸ್ಸು ಇನ್ನಷ್ಟು ಭಾರವಾಗುತ್ತದೆ, ಪ್ರಯೋಜನವೇನಿದ್ದರೂ ತಡವಾಗಿ ಕಾಣುತ್ತದೆ ಎಂಬುದು ಆ ಅಧ್ಯಯನಗಳಿಂದ ತಿಳಿದ ಮುಖ್ಯ ಸಂಗತಿ. ರಾತ್ರಿಯ ನಿದ್ದೆಯೇ ಹಾಳಾಗಿರುವ ನಿಮಗೆ ಹೊಡೆತದ ವಿವರಗಳನ್ನು ಒಬ್ಬರೇ ಕೂತು ಬರೆಯುವುದನ್ನು ಸದ್ಯಕ್ಕೆ ನಾನು ಹೇಳುವುದಿಲ್ಲ. ಅಜ್ಜಿ ಚಿತ್ತಾರ ಕಲಿಸಿದ ದಿನದ ಬಗ್ಗೆ ಬರೆಯಿರಿ, ಮಿಡಿಯ ಉಪ್ಪುನೀರಿನ ಹದದ ಬಗ್ಗೆ ಬರೆಯಿರಿ. ಘಟನೆಗಳ ದಿನಾಂಕ, ಚಿಕಿತ್ಸೆ ಪಡೆದ ಚೀಟಿ, ಬಂದ ಬೆದರಿಕೆಯ ಸಂದೇಶಗಳ ವಿವರ ಇವನ್ನು ಬರೆದಿಡುವುದು ಬೇರೆ ಕೆಲಸ. ಅದು ವಕೀಲರಿಗೆ ಬೇಕಾಗುತ್ತದೆ, ಅದಕ್ಕೆ ಬೇರೆಯದೇ ಪುಸ್ತಕವಿರಲಿ, ನಂಬಿಕೆಯವರ ಮನೆಯಲ್ಲಿರಲಿ.

ರಾತ್ರಿ ಎರಡು ಗಂಟೆಗೆ ಏನು ಮಾಡುವುದು? ಫೋನ್ ಎತ್ತಿಕೊಳ್ಳಬೇಡಿ. ಎದ್ದು ಕೂತು, ಪಾದ ನೆಲಕ್ಕೆ ಒತ್ತಿ, ಹಿತ್ತಾಳೆ ಚೊಂಬೊಂದನ್ನು ಕೈಯಲ್ಲಿ ಹಿಡಿದು, ಇದು ತವರುಮನೆ, ಇದು ಆಷಾಢ, ಮಗಳು ಪಕ್ಕದಲ್ಲಿ ಮಲಗಿದ್ದಾಳೆ ಎಂದು ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳಿ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಅರ್ಧ ಗಂಟೆಯಾದರೂ ನಿದ್ದೆ ಬಾರದಿದ್ದರೆ, ತಾನೇ ಮುಗಿಯುವಂಥ ಕೆಲಸವೊಂದನ್ನು ಮಾಡಬಹುದು. ಒಂದು ಪಾವು ಅಕ್ಕಿಯಲ್ಲಿ ಕಲ್ಲು ಆರಿಸುವುದು ಒಳ್ಳೆಯದು, ಪಾವು ಮುಗಿದರೆ ಕೆಲಸ ಮುಗಿಯಿತು. ಹೊಲಿಗೆ ಯಂತ್ರದ ಮುಂದೆ ಕೂತರೆ ಬೆಳಗಾಗುತ್ತದೆ.

ಮಾರಾಟದ ಆಲೋಚನೆ ನಿಮ್ಮಲ್ಲಿ ಇದೆಯೋ ಇಲ್ಲವೋ, ನಿಮ್ಮ ಸುತ್ತಲಿನವರು ಹೇಳಿಯೇ ಹೇಳುತ್ತಾರೆ. ಸ್ವಂತ ದುಡ್ಡು ಬಹಳ ದೊಡ್ಡದು. ಐದು ರೂಪಾಯಿಗೂ ಲೆಕ್ಕ ಕೊಟ್ಟವರಿಗೆ ಅದನ್ನು ನಾನು ವಿವರಿಸಬೇಕಾಗಿಲ್ಲ. ನಿಮ್ಮ ಹೆಸರಿನಲ್ಲಷ್ಟೇ ಇರುವ ಬ್ಯಾಂಕ್ ಖಾತೆ ತೆರೆಯಿರಿ, ಹಳೆಯ ಖಾತೆಯ ಜೊತೆ ಗಂಡನ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಬದಲಿಸಿ. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ ಹೋಗುತ್ತದೆ, ಆದ್ದರಿಂದ ಚೀಟಿಯ ವಿಷಯವನ್ನೂ ವಿಚಾರಿಸಿಕೊಳ್ಳಿ. ಹಪ್ಪಳ, ಮಿಡಿಗೆ ಗಿರಾಕಿಗಳು ಸಿಗುವುದು ಕಷ್ಟವಲ್ಲ. ಅಪಾಯ ಎರಡು ಕಡೆ ಇದೆ. ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ಫೋಟೊ ಹಾಕಿದರೆ ನಿಮ್ಮ ಹಳೆಯ ಸಂಪರ್ಕದವರೆಲ್ಲ ನೋಡುತ್ತಾರೆ, ಹಿಂದೆ ಕಾಣುವ ಬಾಗಿಲು, ಮಗಳ ಶಾಲೆಯ ಸಮವಸ್ತ್ರ ಎಲ್ಲವೂ ಸುದ್ದಿ ಹೇಳುತ್ತವೆ. ಫೋನನ್ನು ಮೊದಲು ಗಂಡನೇ ಹೊಂದಿಸಿಕೊಟ್ಟಿದ್ದರೆ, ಅದರ ಗೂಗಲ್ ಖಾತೆಯ ಪಾಸ್‌ವರ್ಡ್ ಅವರಿಗೆ ಗೊತ್ತಿದ್ದರೆ, ನೀವು ಎಲ್ಲಿದ್ದೀರಿ ಎಂಬುದೂ ತಿಳಿಯಬಹುದು. ಅದನ್ನು ಬದಲಿಸದೆ ವ್ಯಾಪಾರಕ್ಕೆ ಇಳಿಯಬೇಡಿ. ಇನ್ನೊಂದು ಅಪಾಯ ಹೊರಗಿನಿಂದ ಬರುವುದಲ್ಲ. ‘ನಾಡಿದ್ದಿಗೆ ಐನೂರು ಹಪ್ಪಳ ಬೇಕು’ ಎಂಬ ಆರ್ಡರು ಬಂದ ದಿನ, ಗುರಾಣಿಯಾಗಿದ್ದ ಕೆಲಸ ಮತ್ತೆ ಯಜಮಾನನಾಗುತ್ತದೆ. ಬೇಡ ಎನ್ನಲು ಕಲಿಯುವವರೆಗೆ ಆರ್ಡರು ಹಿಡಿಯದೆ, ಮಾಡಿದ್ದನ್ನಷ್ಟೇ ಮಾರಿರಿ. ಹಾಗೆಯೇ, ಚಿತ್ತಾರವನ್ನು ಸದ್ಯಕ್ಕೆ ಮಾರಾಟದಿಂದ ಹೊರಗಿಡಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಬೆಲೆ ಕಟ್ಟುವವರ ಕಣ್ಣು ಅದರ ಮೇಲೆ ಈಗಲೇ ಬೀಳುವುದು ಬೇಡ.

ನಾಲ್ಕು ಜನರ ನಡುವೆ ಕೂತು ಮಾಡುವ ಕೆಲಸಕ್ಕೆ ಒಬ್ಬರೇ ಮಾಡುವ ಕೆಲಸಕ್ಕಿಲ್ಲದ ಗುಣವಿದೆ, ಮಾತು ಕೈಯ ಮರೆಯಲ್ಲಿ ಸಲೀಸಾಗಿ ಹೊರಡುತ್ತದೆ. ನಿಮ್ಮ ತಾಲ್ಲೂಕಿನ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳೆಯರ ಸಹಕಾರ ಸಂಘ, ಅಡಿಕೆ ಚೊಗರಿನಂಥ ಸಹಜ ಬಣ್ಣಗಳಿಂದ ಕೈಮಗ್ಗದ ಬಟ್ಟೆಗೆ ಹೆಸರಾದದ್ದು ನಿಮಗೆ ಗೊತ್ತಿರುತ್ತದೆ. ಹಳ್ಳಿಯ ಹೆಂಗಸರು ಒಂದೇ ಸೂರಿನಡಿ ಕೂತು ದುಡಿಯುವ ರೂಢಿ ನಿಮ್ಮ ಕಡೆಗೆ ಹೊಸದಲ್ಲ. ಊರಿನ ಸ್ತ್ರೀಶಕ್ತಿ ಗುಂಪು ಅಥವಾ ಸಂಜೀವಿನಿ ಗುಂಪಿಗೆ ಸೇರುವುದೂ ಆಗಬಹುದು. ಸೇರಿದ ಮೊದಲ ವರ್ಷ ಸಾಲ ಎತ್ತಬೇಡಿ, ಮತ್ತು ನಿಮ್ಮ ಕಥೆಯನ್ನು ಗುಂಪಿನಲ್ಲಿ ಎಲ್ಲರಿಗೂ ಹೇಳಬೇಕೆಂಬ ಒತ್ತಾಯ ನಿಮಗಿಲ್ಲ. ಮಾತು ಬೇಗ ಬಸ್ಸು ಹತ್ತುವ ಊರುಗಳು ನಮ್ಮವು. ಬಸ್ಸಿನ ಮಾತು ಬಂದದ್ದರಿಂದ ಒಂದು ಲೆಕ್ಕ: ಉಚಿತ ಪ್ರಯಾಣವಿರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ, ನಮ್ಮ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ತರಬೇತಿಗೋ ಚಿಕಿತ್ಸೆಗೋ ವಾರಕ್ಕೊಮ್ಮೆ ಪೇಟೆಗೆ ಬರುವ ಖರ್ಚನ್ನು ಮೊದಲೇ ತೆಗೆದಿಡಿ. ಟಿಕೇಟಿನ ದುಡ್ಡಿಗೆ ಯಾರನ್ನೋ ಕೇಳಬೇಕಾಗಿ ಬಂದ ಕಾರಣಕ್ಕೇ ಚಿಕಿತ್ಸೆ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ.

ಚಿಕಿತ್ಸೆ ಬೇಕೇ? ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಉಳಿದರೆ ಪರೀಕ್ಷೆ ಮಾಡಿಸುವುದು ನಮ್ಮ ಕ್ರಮ, ನಿಮಗೆ ಒಂಬತ್ತು ತಿಂಗಳಾಗುತ್ತ ಬಂದಿದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಹೊರಡಲಾಗದ ಮಳೆಯ ದಿನಗಳಲ್ಲಿ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು, ಕರೆ ಉಚಿತ, ನಡುರಾತ್ರಿಯಲ್ಲೂ ಎತ್ತುತ್ತಾರೆ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಬೆಳಗಾಗಲಿ ಎಂದು ಕಾಯದೆ ಆ ಸಂಖ್ಯೆಗೆ ಕರೆ ಮಾಡಿ, ಮನೆಯವರನ್ನೂ ಎಬ್ಬಿಸಿ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ. ಖಿನ್ನತೆಗೂ ಆತಂಕಕ್ಕೂ ಕೊಡುವ ಖಿನ್ನತೆ ನಿವಾರಕ ಮಾತ್ರೆಗಳು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕಾಗಬಹುದು, ಆರಂಭದಲ್ಲಿ ಹೊಟ್ಟೆ ತೊಳಸಬಹುದು, ಆದರೆ ಅವು ನಿದ್ದೆಮಾತ್ರೆಯ ಹಾಗೆ ಚಟ ಹಿಡಿಸುವುದಿಲ್ಲ. ಬಿಡುವಾಗ ಮಾತ್ರ ವೈದ್ಯರನ್ನು ಕೇಳಿ ನಿಧಾನವಾಗಿ ಬಿಡಬೇಕು. ಇನ್ನೊಂದು ಮಾತು, ಇದನ್ನು ಎಲ್ಲರೂ ಮರೆಯುತ್ತಾರೆ: ತಲೆಗೆ ಪೆಟ್ಟು ಬಿದ್ದಿದ್ದರೆ, ಕತ್ತು ಹಿಸುಕಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಕೈನಡುಕ, ಎದೆಬಡಿತಗಳಿಗೆ ಥೈರಾಯಿಡ್ ತೊಂದರೆಯೂ ಕಾರಣವಿರಬಹುದು, ರಕ್ತಹೀನತೆಯಲ್ಲೂ ಎದೆ ಡವಡವ ಎನ್ನುತ್ತದೆ. ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯುವ ಮೊದಲು ಒಂದು ರಕ್ತಪರೀಕ್ಷೆ ಆಗಲಿ.

ಅಣ್ಣನ ಮಾತಿನ ವಿಷಯ ಉಳಿಯಿತು. ಅವರು ನಿಮ್ಮ ಹಿತಕ್ಕೇ ಹೇಳುತ್ತಿರಬಹುದು, ಊರಿನ ಬಾಯಿಗೆ ಹೆದರಿಯೂ ಹೇಳುತ್ತಿರಬಹುದು. ಆದರೆ ನೀವು ಗೆಲುವಾಗುವುದಕ್ಕೂ ಹಿಂದಿರುಗುವುದಕ್ಕೂ ಸಂಬಂಧವಿಲ್ಲ. ಆ ಮನೆಯಲ್ಲಿ ಏನು ಬದಲಾಗಿದೆ ಎಂಬುದೊಂದೇ ಪ್ರಶ್ನೆ, ಅದಕ್ಕೆ ಉತ್ತರ ನಿಮ್ಮ ಮುಖದಲ್ಲಿ ಸಿಗುವುದಿಲ್ಲ. ಇಂಥದ್ದು ನಮ್ಮ ಮನೆಯಲ್ಲಿ ಮಾತ್ರ ಆದದ್ದು, ಆದ್ದರಿಂದ ಮುಚ್ಚಿಹಾಕಬೇಕು ಎಂಬ ಭಾವನೆ ಅವರಲ್ಲಿದ್ದರೆ ಅವರಿಗೆ ತಿಳಿಸಿ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಶೇಕಡಾ 44 ಮಂದಿ ಗಂಡನಿಂದ ಒಮ್ಮೆಯಾದರೂ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಿಂಸೆ ಮಾಡಿದವರ ಎದುರು ಕೂರಿಸಿ ಪಂಚಾಯಿತಿ ಮಾಡುವುದನ್ನು ನಮ್ಮ ವೃತ್ತಿಯಲ್ಲಿ ಸಲಹೆ ಕೊಡುವುದಿಲ್ಲ, ಗಂಡಹೆಂಡತಿಯರನ್ನು ಒಟ್ಟಿಗೆ ಕೂರಿಸುವ ಸಮಾಲೋಚನೆಯನ್ನೂ ಹೆದರಿಕೆ ಇರುವವರೆಗೆ ಮಾಡುವುದಿಲ್ಲ. ಎದುರು ಬಾಯಿಬಿಟ್ಟು ಹೇಳಿದ ಸತ್ಯಕ್ಕೆ ಮನೆಗೆ ಹೋದ ಮೇಲೆ ಬೆಲೆ ತೆರಬೇಕಾಗುತ್ತದೆ. ಅಣ್ಣನಿಗೆ ‘ಬೇಡ’ ಎನ್ನುವುದು ಕಷ್ಟವೆನಿಸಿದರೆ ‘ವಕೀಲರನ್ನು ಕೇಳಿ ಹೇಳುತ್ತೇನೆ’ ಎನ್ನಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಾಗರದ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು, ದೂರವಾಣಿ 15100. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆತವಷ್ಟೇ ಅಲ್ಲ, ಚುಚ್ಚುಮಾತೂ ದುಡ್ಡಿನ ಹಿಡಿತವೂ ಹಿಂಸೆಯೇ. ರಕ್ಷಣಾ ಆದೇಶ, ಜೀವನಾಂಶ, ನಿಮ್ಮ ಒಡವೆ ವಸ್ತುಗಳ ವಾಪಸಾತಿ ಎಲ್ಲವನ್ನೂ ಅದರಡಿ ಕೇಳಬಹುದು, ಮಗಳು ಸದ್ಯಕ್ಕೆ ಯಾರ ಬಳಿ ಇರಬೇಕು ಎಂಬುದನ್ನೂ. ಅರ್ಜಿಯನ್ನು ಮೊದಲ ವಿಚಾರಣೆಯ ದಿನದಿಂದ 60 ದಿನದೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ವಾಸ್ತವದಲ್ಲಿ ಹೆಚ್ಚು ಹಿಡಿಯುತ್ತದೆ, ಆ ತಾಳ್ಮೆ ಇಟ್ಟುಕೊಂಡೇ ಹೊರಡಿ. ಮಹಿಳಾ ಸಹಾಯವಾಣಿ 181. ಗಂಡ ಮನೆ ಬಾಗಿಲಿಗೇ ಬಂದರೆ ತುರ್ತು ಸಂಖ್ಯೆ 112.

ನನ್ನಲ್ಲಿಗೆ ಬರುವುದಾದರೆ ಹೊಡೆತ ಬಿದ್ದಾಗಿನ ಆಸ್ಪತ್ರೆಯ ಚೀಟಿಗಳು ಇದ್ದಷ್ಟನ್ನು ತನ್ನಿ, ಇಲ್ಲದಿದ್ದರೆ ಹಾಗೆಯೇ ಬನ್ನಿ. ಸೊಟ್ಟ ಗೆರೆ ಎಳೆದ ದಿನಪತ್ರಿಕೆಯನ್ನು ನೀರು ಹಾಕುವ ಮೊದಲು ಮಡಿಚಿಡಬೇಕೆನಿಸಿದರೆ ಅದನ್ನೂ ತನ್ನಿ.